ಹನ್ನೊಂದು ಅಂಗಡಿಗಳನ್ನು ಓದುತ್ತಿದ್ದ ಭಾವ

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ದುರ್ಬೀನು. ಭಾವ ಎಂದರೆ ನನ್ನ ಅಕ್ಕನ ಗಂಡ. ದಪ್ಪ ಗಾಜಿನ ಕನ್ನಡಕ, ಉದ್ದ ಕತ್ತು, ಬಿಸಿಲಿರಲಿ ಬಿಡಲಿ ಕಂಕುಳಲ್ಲೊಂದು ಕೊಡೆ. ಕಂಪ್ಯೂಟರ್ ಸಾಮಾನು ಮಾರುವ ನಮ್ಮ ಬೀದಿಯಲ್ಲಿ ಒಂದೇ ಸಾಲಿಗೆ ಹನ್ನೊಂದು ಅಂಗಡಿ. ಅವುಗಳ ಎದುರಿನ ಫುಟ್‌ಪಾತಿನಲ್ಲಿ ಬೆಳಿಗ್ಗೆ ಹತ್ತೂವರೆಗೆ ಬಂದು ನಿಂತರೆ ಹನ್ನೆರಡರ ತನಕ ಅಲ್ಲೇ. ಒಂದೊಂದು ಅಂಗಡಿಗೆ ಎಂಟು ನಿಮಿಷ. ಒಳಗೆ ಕಾಲಿಡುವುದಿಲ್ಲ, ಯಾರನ್ನೂ ಏನೂ ಕೇಳುವುದಿಲ್ಲ, ಸುಮ್ಮನೆ ನೋಡುವುದು. ಹೊಸದಾಗಿ ಬಂದ ಪೊಲೀಸಿನವನೊಬ್ಬ ಅನುಮಾನಪಟ್ಟು ಒಮ್ಮೆ ಹಿಡಿದು ವಿಚಾರಿಸಿದ್ದ.

"ಏನ್ರೀ ನೋಡ್ತಿದೀರಿ ದಿನಾ?"

"ಮಾಲು ಬರುತ್ತೋ ಇಲ್ವೋ ಅಂತ."

"ಯಾವ ಮಾಲು?"

"ಅದು ಇನ್ನೂ ಗೊತ್ತಾಗಿಲ್ಲ."

ಬಿಡಿಸಿಕೊಂಡು ಬರಲು ನಾನೇ ಹೋಗಬೇಕಾಯಿತು. ದಾರಿಯುದ್ದಕ್ಕೂ ಬೈದೆ. ಭಾವ ಕೇಳಿಸಿಕೊಳ್ಳುತ್ತಲೇ ಏಳನೇ ಅಂಗಡಿಯತ್ತ ಕತ್ತು ತಿರುಗಿಸಿ ನೋಡುತ್ತಿದ್ದರು.

ಮಾಲು ಎಂದರೆ ಪ್ರೊಸೆಸರ್. ಬೆಂಕಿಪೆಟ್ಟಿಗೆಯಷ್ಟು ಅಗಲದ ಒಂದು ಚಪ್ಪಟೆ ಬಿಲ್ಲೆ. ಕಂಪ್ಯೂಟರಿನ ತಲೆ ಅದು. ಅದಿಲ್ಲದಿದ್ದರೆ ಮಿಕ್ಕಿದ್ದೆಲ್ಲ ತಗಡಿನ ಡಬ್ಬ. ನಾನು ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿ ಕೊಡುವವನು. ಬೀದಿಯ ಹಿಂಭಾಗದ ಮಹಡಿಯಲ್ಲಿ ಎರಡು ಉದ್ದ ಮೇಜು, ತಲೆಯ ಮೇಲೆ ತಗಡಿನ ಸೂರು, ಕೆಲಸಕ್ಕೆ ಇಬ್ಬರು: ತಂತಿಗಳನ್ನು ಜಡೆ ಹೆಣೆದ ಹಾಗೆ ಕಟ್ಟುವ ವೈರಿಂಗ್ ಅಮ್ಮ, ಮತ್ತು ತಿರುಪು ಬಿಗಿಯುವ ಗಡ್ಡ. ತಗಡು ಸಿಗುತ್ತದೆ, ತಂತಿ ಸಿಗುತ್ತದೆ, ಪರದೆ ಬೇಕಾದಷ್ಟು ಸಿಗುತ್ತದೆ. ಪ್ರೊಸೆಸರ್ ಮಾತ್ರ ಎಲ್ಲೋ ದೂರದ ಎರಡು ಮೂರು ಕಾರ್ಖಾನೆಗಳಲ್ಲಿ ತಯಾರಾಗಿ, ದೊಡ್ಡ ಕಂಪನಿಗಳವರು ಮೊಗೆದುಕೊಂಡು ಹೋದ ಮೇಲೆ ಉಳಿದರೆ ನಮ್ಮ ಬೀದಿಗೆ ಬರಬೇಕು. ಈ ತಿಂಗಳು ಎಷ್ಟು ಉಳಿದಿದೆ, ಮುಂದಿನ ತಿಂಗಳು ಎಷ್ಟು ಎಂದು ನಮ್ಮಂಥವರಿಗೆ ಯಾರೂ ಹೇಳುವುದಿಲ್ಲ. ಅಂಗಡಿಯವರನ್ನು ಕೇಳಿದರೆ ಅವರಿಗೆ ಬೇಕಾದದ್ದನ್ನು ಹೇಳುತ್ತಾರೆ. ಅದಕ್ಕೇ ಭಾವ ಕೇಳುತ್ತಿರಲಿಲ್ಲ, ನೋಡುತ್ತಿದ್ದರು.

ಅವರು ನೋಡುವ ರೀತಿಯೇ ಬೇರೆ. ಗಾಜಿನ ಹಿಂದೆ ಜೋಡಿಸಿಟ್ಟ ಡಬ್ಬಗಳತ್ತ ಕಣ್ಣು ಹಾಯಿಸುತ್ತಿರಲಿಲ್ಲ. "ಅವು ಖಾಲಿ ಡಬ್ಬ ಕಣಯ್ಯ, ಬೀದಿಗೆಲ್ಲ ಗೊತ್ತು. ಗಿರಾಕಿ ಕೈಯಲ್ಲಿ ಏನು ಹೊರಗೆ ಬರುತ್ತೆ ಅದನ್ನ ನೋಡು" ಎನ್ನುತ್ತಿದ್ದರು. ಪ್ರೊಸೆಸರ್ ಕೇಳಿದವನಿಗೆ ಅಂಗಡಿಯವನು ಅದನ್ನು ಕೂರಿಸುವ ಹಲಗೆ, ಮದರ್‌ಬೋರ್ಡನ್ನೂ ಬೇಡವೆಂದರೂ ಜೊತೆಗೆ ಕಟ್ಟಿ ಕಳಿಸುತ್ತಿದ್ದಾನೆ ಎಂದರೆ ಮಾಲು ಬಿಗಿ. ಅದೊಂದನ್ನೇ ಬಿಡಿಯಾಗಿ ಕೊಡುತ್ತಿದ್ದಾನೆ ಎಂದರೆ ಸಡಿಲ. ಡಬ್ಬವಿಲ್ಲದೆ, ಫ್ಯಾನಿಲ್ಲದೆ, ಪ್ಲಾಸ್ಟಿಕ್ ತಟ್ಟೆಯಲ್ಲಿ ಬರೀ ಬಿಲ್ಲೆಗಳು ಬಂದಿವೆ ಎಂದರೆ ದೊಡ್ಡ ಕಂಪನಿಗೆ ಹೋಗಬೇಕಾದದ್ದು ಎಲ್ಲೋ ಸೋರಿ ಬಂದಿದೆ, ಅದನ್ನು ನಂಬಿಕೊಳ್ಳಬಾರದು. ಹಳೇ ತಲೆಮಾರಿನದನ್ನು ಮುಂದಿನ ಸಾಲಿಗೆ ಎಳೆದು ಹಾಡಿ ಹೊಗಳುತ್ತಿದ್ದಾರೆ ಎಂದರೆ ಹೊಸದು ಸದ್ಯಕ್ಕಿಲ್ಲ. ಅಂಗಡಿಯವನು ಗರಿಗಳ ಪೊರಕೆ ಹಿಡಿದು ಧೂಳು ಹೊಡೆಯುತ್ತ ನಿಂತಿದ್ದರೆ ಮುಗಿಯಿತು, ಒಳಗೆ ಏನೂ ಇಲ್ಲ.

ಇಪ್ಪತ್ತೆರಡು ವರ್ಷ ಇದೇ ಕೆಲಸ. ಮಧ್ಯಾಹ್ನ ನನ್ನ ಮಹಡಿ ಹತ್ತಿ ಬಂದು, ಕೊಡೆ ಮೂಲೆಗಿಟ್ಟು, "ಬಿಗಿ" ಅಥವಾ "ಸಡಿಲ" ಎಂದು ಒಂದು ಮಾತು ಹೇಳಿ ನೀರು ಕುಡಿಯುತ್ತಿದ್ದರು. ಒಂದು ವರ್ಷ ಎಲ್ಲರೂ ಎಗ್ಗಿಲ್ಲದೆ ಮಾರುತ್ತಿದ್ದಾಗಲೇ ಇವರು "ಬಿಗಿ ಬರ್ತಿದೆ" ಎಂದರು. ನಾನು ಮೂವತ್ತು ಡಬ್ಬ ತಂದು ಮಂಚದ ಕೆಳಗೆ ತುಂಬಿದೆ. ಕಸ ಗುಡಿಸಲು ಜಾಗವಿಲ್ಲವೆಂದು ಹೆಂಡತಿ ಎರಡು ತಿಂಗಳು ಮುಖ ಊದಿಸಿಕೊಂಡಿದ್ದಳು. ಆಮೇಲೆ ಬೀದಿಗೆ ಬೀದಿಯೇ ಬಾಯಿ ಬಿಟ್ಟುಕೊಂಡು ಕೂತಾಗ ನನ್ನ ಎರಡು ಮೇಜೂ ತುಂಬಿದ್ದವು. ಅಂದಿನಿಂದ ಬೀದಿಯವರೂ ಭಾವನ ಬಾಯಿಯತ್ತ ಕಿವಿ ಇಡಲು ಶುರು ಮಾಡಿದರು. ಅದು ನನಗೆ ಹೆಮ್ಮೆಯೇ ಆಗಿತ್ತು. ಅದರಲ್ಲಿ ಹೆದರುವಂಥದ್ದೇನಾದರೂ ಇದೆ ಎಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಕಳೆದ ವರ್ಷದ ಹೊತ್ತಿಗೆ ಜೋಡಿಸಿದ ಕಂಪ್ಯೂಟರ್ ಕೇಳುವವರೇ ಕಮ್ಮಿಯಾಗಿದ್ದರು. ಎಲ್ಲರಿಗೂ ಕಂಪನಿಯ ಸೀಲು ಹಾಕಿದ್ದೇ ಬೇಕು. ಅಂಥ ಹೊತ್ತಿನಲ್ಲಿ ಒಂದು ನರ್ಸಿಂಗ್ ಕಾಲೇಜಿನವರು ಪರೀಕ್ಷೆಯ ಕೋಣೆಗೆ ನಲವತ್ತು ಕಂಪ್ಯೂಟರ್ ಕೇಳಿದರು. ನಲವತ್ತೂ ಒಂದೇ ಜಾತಿಯವಾಗಿರಬೇಕು, ಇಪ್ಪತ್ತೈದನೇ ತಾರೀಕಿನೊಳಗೆ ಬರಬೇಕು. ಇದು ಸರಿಹೋದರೆ ಅವರ ಇನ್ನೆರಡು ಕಾಲೇಜುಗಳ ಕೆಲಸವೂ ನಮಗೇ. ತಪ್ಪಿದರೆ ಮಹಡಿ ಮುಚ್ಚುವುದೊಂದೇ ದಾರಿ. ಇದು ನನಗೆ ಗೊತ್ತಿತ್ತು, ವೈರಿಂಗ್ ಅಮ್ಮನಿಗೆ ಗೊತ್ತಿತ್ತು, ಗಡ್ಡನಿಗೆ ಗೊತ್ತಿತ್ತು. ಭಾವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆ ಮಹಡಿ ಬಿಟ್ಟರೆ ಅವರ ಮಾತು ಹೇಳಲು ಇನ್ನೊಂದು ಜಾಗವಿರಲಿಲ್ಲ.

ಸಗಟು ಮಾಲಿನ ಗೋಡೌನಿಟ್ಟಿದ್ದ ಸಾಹುಕಾರರ ಹತ್ತಿರ ಒಂದೇ ಜಾತಿಯ ನಲವತ್ತು ಪ್ರೊಸೆಸರ್ ಇದ್ದವು. ಆದರೆ ಅವರು ಒಂದೊಂದಕ್ಕೂ ಒಂದೊಂದು ಮದರ್‌ಬೋರ್ಡ್ ಕಟ್ಟಿದ್ದರು, ಅದೂ ನಮಗೆ ಬೇಡದ ತಯಾರಿಕೆಯದು. "ಶನಿವಾರದ ತನಕ ಇಟ್ಟಿರ್ತೀನಿ. ಆಮೇಲೆ ನನ್ನ ಬೈಬೇಡ" ಎಂದರು. ತೆಗೆದುಕೊಂಡರೆ ಕೈಗೆ ಏನೂ ಉಳಿಯದು, ಆದರೂ ಕೆಲಸ ಮುಗಿಯುತ್ತದೆ. ಕಾದರೆ, ಮಾಲು ಸಡಿಲವಾದರೆ, ಬದುಕಿಕೊಳ್ಳಬಹುದು. ಹೇಳಬೇಕಾದವರು ಭಾವ.

ಅದು ಮಂಗಳವಾರ. ಬೀದಿಯ ಟೀ ಗಾಡಿಯ ಹತ್ತಿರ ಭಾವ ಸಿಕ್ಕಿದರು.

"ಏನ್ ಭಾವ, ತಗೊಳ್ಲಾ, ಕಾಯ್ಲಾ?"

"ಇನ್ನೊಂದ್ ನಾಲ್ಕು ದಿನ ನೋಡ್ಬೇಕು."

"ಒಂದು ವಾರದಿಂದ ಇದೇ ಹೇಳ್ತಿದೀರಿ."

"ಕಾಣದೇ ಇದ್ದಾಗ ಕಾಣಲ್ಲ ಅಂತಾನೇ ಹೇಳ್ಬೇಕಲ್ವೇನಯ್ಯ. ಕೆಲವರು ಬೋರ್ಡ್ ಕಟ್ತಿದಾರೆ, ಕೆಲವರು ಬಿಡಿಯಾಗೇ ಕೊಡ್ತಿದಾರೆ. ಇದು ಯಾವ ಕಡೆಗೂ ವಾಲ್ತಾ ಇಲ್ಲ."

ನನ್ನನ್ನು ಬೀದಿಯವರು ಕುಕ್ಕರ್ ಎನ್ನುತ್ತಾರೆ. ಸುಳ್ಳಲ್ಲ. ಟೀ ಲೋಟವನ್ನು ಗಾಡಿಯ ಮೇಲೆ ಕುಕ್ಕಿದೆ. ಇಪ್ಪತ್ತೆರಡು ವರ್ಷ ಬಿಸಿಲಲ್ಲಿ ನಿಂತು ಕಂಡದ್ದೇನು, ಒಂದು ದಿನ ಬೇಕು ಎಂದಾಗ ಬಾಯಿಗೆ ಬೀಗ, ಹೊತ್ತು ಕಳೆಯಲು ಫುಟ್‌ಪಾತಿನಲ್ಲಿ ನಿಲ್ಲುವವರಿಗೂ ನಿಮಗೂ ಏನು ವ್ಯತ್ಯಾಸ, ಎಂದೆಲ್ಲ ಕೂಗಾಡಿದೆ. ಅಕ್ಕನ ಗಂಡನಿಗೆ ನಡುಬೀದಿಯಲ್ಲಿ ಆಡುವ ಮಾತಲ್ಲ ಅವು. ಹನ್ನೊಂದು ಅಂಗಡಿಗಳ ಪೈಕಿ ಮೂಲೆ ಅಂಗಡಿಯವನು ಅಲ್ಲೇ ಟೀ ಕುಡಿಯುತ್ತಿದ್ದ. ಅಣ್ಣತಮ್ಮಂದಿರಿಬ್ಬರು ನಡೆಸುವ ಅಂಗಡಿಯ ತಮ್ಮನೂ ಇದ್ದ. ಇಬ್ಬರೂ ಲೋಟ ಹಿಡಿದುಕೊಂಡು ನಮ್ಮನ್ನೇ ನೋಡುತ್ತಿದ್ದರು. ಭಾವನ ಕಿವಿ ಕೆಂಪಾಯಿತು.

"ಸರಿ ಕಣಯ್ಯ, ಕೂಗ್ಬೇಡ" ಎಂದರು. "ಸಡಿಲ ಆಗ್ಬಹುದು. ಹಾಗನ್ಸುತ್ತೆ."

"ಇದನ್ನೇ ಮೊದ್ಲು ಹೇಳಿದ್ರೆ ಗಂಟು ಹೋಗ್ತಿತ್ತಾ?" ಎಂದು ನಾನು ಎದ್ದು ಬಂದೆ.

ಬುಧವಾರ ಭಾವ ಮಹಡಿ ಹತ್ತಿ ಬಂದಾಗ ಅವರ ಮುಖದಲ್ಲಿ ಸ್ವಲ್ಪ ಕಳೆ ಇತ್ತು. ಮೂಲೆ ಅಂಗಡಿಯವನು ಬೋರ್ಡ್ ಕಟ್ಟದೆ ಬಿಡಿ ಪ್ರೊಸೆಸರ್ ಕೊಟ್ಟಿದ್ದಾನೆ. ಅಣ್ಣತಮ್ಮಂದಿರ ಅಂಗಡಿಯಲ್ಲಿ ಒಳಗಿದ್ದದ್ದು ಹೊರಗೆ ಬಂದಿದೆ. ಗುರುವಾರ ಹಾಗೆ ಕೊಡುವ ಅಂಗಡಿ ಆರಾದವು. ಭಾವ ಎಂದೂ ಎರಡು ಸಲ ನಿಲ್ಲುವವರಲ್ಲ, ಅವತ್ತು ಸಂಜೆಯೂ ಹೋಗಿ ನಿಂತರು. ಶುಕ್ರವಾರ ಹನ್ನೊಂದಕ್ಕೆ ಹನ್ನೊಂದೂ ಸಡಿಲ. ಯಾವುದೋ ವ್ಯಾನಿನವನು ಬಂದು ಅಂಗಡಿಯಿಂದ ಅಂಗಡಿಗೆ ಹೋಗಿ ಚೀಲಗಟ್ಟಲೆ ತುಂಬಿಕೊಂಡು ಹೋದ.

"ಇಷ್ಟು ಸಡಿಲ ನಾನು ನೋಡೇ ಇಲ್ಲ ಕಣಯ್ಯ" ಎಂದರು ಭಾವ. "ಮಂಗಳವಾರ ಸುಮ್ನೆ ನಿನ್ನ ಬಾಯಿ ಮುಚ್ಸೋಕೆ ಅಂದೆ. ಆದ್ರೆ ನೋಡು, ನಿಜವಾಗ್ಲೂ ವಾಲ್ತು."

"ಹಾಗಾದ್ರೆ ಸಾಹುಕಾರ್ರಿಗೆ ಬೇಡ ಅಂದುಬಿಡ್ಲಾ?"

"ಅನ್ನು."

ಅಂಗಡಿಗಳಿಂದಲೇ ನಲವತ್ತನ್ನು ಆರಿಸಿಕೊಳ್ಳಬಹುದಿತ್ತಲ್ಲ ಎಂದು ಆಮೇಲೆ ಬಹಳ ಜನ ಬುದ್ಧಿ ಹೇಳಿದರು. ಅಲ್ಲಿ ಎರಡು, ಇಲ್ಲಿ ಮೂರು, ಒಂದೊಂದೂ ಒಂದೊಂದು ಜಾತಿ. ಇಷ್ಟು ಧಾರಾಳವಾಗಿ ಕೊಡುತ್ತಿದ್ದಾರೆಂದರೆ ಹಿಂದಿನಿಂದ ಹೊಸ ಮಾಲು ಬರುತ್ತಿದೆ, ಮುಂದಿನ ವಾರ ಒಂದೇ ಜಾತಿಯದು ಪೆಟ್ಟಿಗೆಯಲ್ಲೇ ಸಿಗುತ್ತದೆ ಎಂಬುದು ನಮ್ಮ ಎಣಿಕೆ. ಶನಿವಾರ ಗೋಡೌನಿಗೆ ಹೋಗಿ ಬೇಡ ಎಂದೆ. ಸಾಹುಕಾರರು ಕತ್ತೆತ್ತಿ ನೋಡಿ, "ಆಗ್ಲಪ್ಪ" ಎಂದರು, ಅಷ್ಟೇ. ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಅವರು ಇನ್ಯಾರಿಗೋ ಫೋನು ಮಾಡುತ್ತಿದ್ದರು.

ಸೋಮವಾರ ನಾನೇ ಭಾವನ ಜೊತೆ ಬೀದಿಗೆ ಹೋದೆ. ಹನ್ನೊಂದು ಅಂಗಡಿಗಳಲ್ಲಿ ಎಂಟರಲ್ಲಿ ಧೂಳು ಹೊಡೆಯುತ್ತಿದ್ದರು. ಭಾವ ಫುಟ್‌ಪಾತಿನಲ್ಲೇ ನಿಂತುಬಿಟ್ಟರು. ನಾನು ರಸ್ತೆ ದಾಟಿ ಮೂಲೆ ಅಂಗಡಿಗೆ ನುಗ್ಗಿದೆ.

"ಪ್ರೊಸೆಸರ್ ಎಲ್ಲಿ?"

"ಖಾಲಿ ಕುಕ್ಕರಣ್ಣ."

"ಶುಕ್ರವಾರ ದಾನ ಮಾಡೋ ಹಾಗೆ ಹಂಚ್ತಿದ್ಯಲ್ಲ?"

"ಇದ್ದದ್ದನ್ನೆಲ್ಲ ತಳ್ಳಿದ್ವಿ. ಸಡಿಲ ಆಗುತ್ತೆ ಅಂತ ದುರ್ಬೀನೇ ಹೇಳಿದ್ರಲ್ಲ ಟೀ ಗಾಡಿ ಹತ್ರ. ಮಾಲು ಬಂದು ಬೆಲೆ ಬಿದ್ದ ಮೇಲೆ ನಮ್ಮ ಹತ್ರ ಇರೋದನ್ನ ಯಾರು ಮೂಸಿ ನೋಡ್ತಾರೆ? ನಾನು ಶುರು ಮಾಡ್ದೆ, ಅಣ್ಣತಮ್ಮಂದಿರ ಅಂಗಡೀಲಿ ತಮ್ಮ ಶುರು ಮಾಡ್ದ, ನಮ್ಮನ್ನ ನೋಡಿ ಮಿಕ್ಕೋರು. ಈಗ ಹೊಸದು ಕೇಳಿದ್ರೆ ಮೇಲಿನಿಂದ ಮೂರು ತಿಂಗಳು ಏನೂ ಇಲ್ವಂತೆ. ಎಲ್ಲ ಕಂಪನಿಗಳಿಗೇ ಹೋಯ್ತಂತೆ. ನಾನೇ ಅವರನ್ನ ಕೇಳ್ಬೇಕು ಅಂತಿದ್ದೆ, ಯಾಕೆ ಹೀಗಾಯ್ತು ಅಂತ."

ತಿರುಗಿ ನೋಡಿದರೆ ಭಾವ ಬಾಗಿಲಲ್ಲಿ ನಿಂತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಒಂದು ಅಂಗಡಿಯ ಹೊಸ್ತಿಲ ಹತ್ತಿರ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ರಸ್ತೆ ದಾಟಿ ಮನೆಯ ಕಡೆ ನಡೆದರು.

ಆಮೇಲಿನದು ಹೇಳಲು ಹೆಚ್ಚೇನಿಲ್ಲ. ಗೋಡೌನಿನವು ಶನಿವಾರವೇ ಹೋಗಿದ್ದವು. ನಾನು ಎರಡು ವಾರ ಕಂಡಕಂಡಲ್ಲಿ ಅಲೆದು ಒಂಬತ್ತು ಒಟ್ಟು ಮಾಡಿದೆ. ಇಪ್ಪತ್ನಾಲ್ಕರಂದು ಕಾಲೇಜಿಗೆ ಹೋಗಿ ಇನ್ನೂ ಹದಿನೈದು ದಿನ ಕೇಳಿದೆ. ಅಲ್ಲಿನ ಮೇಡಂ ಒಳ್ಳೆಯವರೇ. "ಮಕ್ಕಳ ಪರೀಕ್ಷೆ ನಿಮಗಾಗಿ ಕಾಯುತ್ತೇನಪ್ಪ?" ಎಂದಷ್ಟೇ ಕೇಳಿದರು. ಮುಂದಿನ ವಾರ ಕಂಪನಿಯ ಸೀಲು ಹಾಕಿದ ನಲವತ್ತು ಕಂಪ್ಯೂಟರ್ ಲಾರಿಯಲ್ಲಿ ಬಂದು ಇಳಿದವು. ಗಡ್ಡ ಅಲ್ಲಿಗೇ ಹೋಗಿ ನೋಡಿಕೊಂಡು ಬಂದ. ಯಾಕೆ ಹೋದೆಯೋ ಎಂದು ಗದರಿದರೆ, "ಒಳಗೆ ತಂತಿ ಹೇಗೆ ಕಟ್ಟಿದಾರೆ ನೋಡೋಣ ಅಂತ ಹೋದೆ ಸಾರ್, ಬಿಚ್ಚೋಕೆ ಬಿಡಲಿಲ್ಲ" ಎಂದ. ತಿಂಗಳ ಕೊನೆಗೆ ಅವನನ್ನೂ ವೈರಿಂಗ್ ಅಮ್ಮನನ್ನೂ ಕಳಿಸಿದೆ. ಹೋಗುವಾಗ ಅಮ್ಮ ತನ್ನ ಸಣ್ಣ ಇಕ್ಕಳವನ್ನು ಮೇಜಿನ ಮೇಲಿಟ್ಟಳು. ಅದು ನಿನ್ನದೇ ತೆಗೆದುಕೊಂಡು ಹೋಗು ಎಂದೆ. "ಮನೇಲಿ ಏನು ಕಟ್ಲಿ ಇದರಲ್ಲಿ?" ಎಂದಳು.

ಇಷ್ಟೂ ದಿನ ಭಾವ ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ನಾನು ಹೋದಾಗ ಅಕ್ಕ ಬಾಗಿಲಲ್ಲೇ ತಡೆದು ಮೆಲ್ಲಗೆ ಹೇಳಿದಳು.

"ಬೈಯೋಕೆ ಬಂದಿದ್ರೆ ಹೊರಗಿನಿಂದಲೇ ಹೋಗಪ್ಪ."

"ಬೈಯಲ್ಲ ಅಕ್ಕ."

"ಬೈದಿದ್ರೂ ವಾಸಿಯಾಗಿತ್ತೇನೋ. ಅನ್ನ ಹಾಕಿದ್ರೆ ಉಣ್ತಾರೆ, ಹಾಕ್ದಿದ್ರೆ ಕೇಳಲ್ಲ. ಮೂವತ್ತು ವರ್ಷದಲ್ಲಿ ಉಪ್ಪು ಕಮ್ಮಿ ಅನ್ನದೆ ಎದ್ದವರಲ್ಲ, ಈಗ ಅದೂ ಇಲ್ಲ."

ಭಾವ ಗೋಡೆಗೊರಗಿ ಕೂತಿದ್ದರು. ನಾನು ಕೂತೆ. ಮನಸ್ಸಿನಲ್ಲಿ ಇಪ್ಪತ್ತು ಸಲ ಹೇಳಿಕೊಂಡು ಬಂದದ್ದನ್ನು ಹೇಳಿದೆ. "ಅವತ್ತು ನಾನು ಕೂಗಾಡ್ದೆ ಇದ್ದಿದ್ರೆ ನೀವು ಆ ಮಾತು ಆಡ್ತಿರ್ಲಿಲ್ಲ ಭಾವ. ತಪ್ಪು ನಂದು."

"ನೀನು ಕೂಗಾಡದ ದಿನ ಯಾವುದಿತ್ತಯ್ಯ" ಎಂದರು. ನಗಲಿಲ್ಲ. "ನಂದು ಬೇರೆ ಚಿಂತೆ. ಈ ಸಲದ್ದು ಹಾಳಾಗ್ಲಿ. ಆ ವರ್ಷ ನೀನು ಮಂಚದ ಕೆಳಗೆ ಮೂವತ್ತು ತುಂಬ್ಕೊಂಡ್ಯಲ್ಲ, ಅವತ್ತು ನಾನು ಬಿಗಿ ಅಂದದ್ದನ್ನ ಯಾರ್ಯಾರು ಕೇಳಿದ್ರು?"

"ಯಾರು ಕೇಳಿದ್ರು? ನಾನು."

"ನೀನು ಮೂವತ್ತು ಡಬ್ಬ ಹೊತ್ಕೊಂಡು ಬೀದಿ ಉದ್ದಕ್ಕೂ ಹೋದೆ. ಹನ್ನೊಂದು ಅಂಗಡಿಯವರೂ ನೋಡಿದ್ರು. ಅವರೂ ಒಳಗೆ ಎತ್ತಿಟ್ರು. ಬಿಗಿ ಆಯ್ತು. ಮಾಲು ಇಲ್ದೆ ಆಯ್ತೋ, ನಾನು ಅಂದಿದ್ದಕ್ಕೆ ಆಯ್ತೋ?"

"ಏನೇನೋ ಯೋಚ್ನೆ ಮಾಡ್ಬೇಡಿ. ಆಗ ನಿಜವಾಗ್ಲೂ ಮಾಲಿರ್ಲಿಲ್ಲ."

"ನಿನಗೆ ಹೇಗೆ ಗೊತ್ತು?"

ನನಗೆ ಗೊತ್ತಿದ್ದದ್ದು ಭಾವ ಹೇಳಿದ್ದರಿಂದ.

ಮಾರನೆಯ ದಿನ ಭಾವ ಎದ್ದು, ಮುಖ ತೊಳೆದು, ಬೀದಿಗೆ ಹೊರಟರು. ಅಕ್ಕನಿಗೆ ಎಷ್ಟು ಸಮಾಧಾನವಾಯಿತೆಂದರೆ ನನಗೆ ಫೋನು ಮಾಡಿ ಹೇಳಿದಳು. ನಾನು ಓಡಿಕೊಂಡು ಹೋದೆ. ಅವರು ಫುಟ್‌ಪಾತಿನಲ್ಲಿ ನಿಂತಿರಲಿಲ್ಲ. ನೇರ ಟೀ ಗಾಡಿಗೆ ಹೋಗಿ ಅಂಗಡಿಗಳಿಗೆ ಬೆನ್ನು ಮಾಡಿ ಕೂತಿದ್ದರು. ಅಣ್ಣತಮ್ಮಂದಿರ ಅಂಗಡಿಯ ತಮ್ಮ ಪಕ್ಕದಲ್ಲೇ ಇದ್ದ.

"ಏನು ದುರ್ಬೀನಣ್ಣ, ಮುಂದೆ ಹೇಗೆ?" ಎಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ. ಬೀದಿಯಲ್ಲಿ ಯಾರೂ ಭಾವನನ್ನು ದೂರಿರಲಿಲ್ಲ, ನಷ್ಟವಾದದ್ದು ನನಗೊಬ್ಬನಿಗೇ.

"ಕೀಬೋರ್ಡು ಬಿಗಿ ಆಗೋ ಹಾಗಿದೆ" ಎಂದರು ಭಾವ.

ಕೀಬೋರ್ಡು. ಗೋಡೌನುಗಳಲ್ಲಿ ಸೌದೆಯ ಹಾಗೆ ಒಟ್ಟಿರುತ್ತದೆ. ಯಾವ ಕಾಲಕ್ಕೂ ಅದಕ್ಕೆ ಕೊರತೆ ಬಂದದ್ದಿಲ್ಲ. ತಮ್ಮ ನಗುತ್ತಾನೆಂದು ನಾನು ಕಾದೆ. ಅವನು ಟೀಯನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದು ಹೋದ.

ಮಾರನೆಯ ಬೆಳಿಗ್ಗೆ ಭಾವ ನನ್ನನ್ನೂ ಕರೆದುಕೊಂಡು ಹೋಗಿ ಫುಟ್‌ಪಾತಿನಲ್ಲಿ ನಿಂತರು. ಅಣ್ಣತಮ್ಮಂದಿರ ಅಂಗಡಿಯ ಬಾಗಿಲಲ್ಲಿ ಯಾವಾಗಲೂ ತೂಗುಹಾಕಿರುತ್ತಿದ್ದ ಕೀಬೋರ್ಡುಗಳು ಇರಲಿಲ್ಲ. ಮೂಲೆ ಅಂಗಡಿಯಲ್ಲಿ ಕೀಬೋರ್ಡ್ ಕೇಳಿದ ಹುಡುಗಿಯೊಬ್ಬಳಿಗೆ ಮೌಸನ್ನೂ ಕಟ್ಟಿ ಕಳಿಸಿದರು. ಸಂಜೆಯ ಹೊತ್ತಿಗೆ ಒಂಬತ್ತು ಅಂಗಡಿಗಳಲ್ಲಿ ಕೀಬೋರ್ಡು ಒಳಗೆ ಹೋಗಿತ್ತು. ಒಂಬತ್ತನೆಯವನು ಕೇಳಿದವರಿಗೆಲ್ಲ ಇಲ್ಲ ಎನ್ನುತ್ತಿದ್ದ. ಅವನ ಹಿಂದೆ ಅಟ್ಟದ ಮೇಲಿನ ಪೆಟ್ಟಿಗೆಗಳು ನಮ್ಮಿಬ್ಬರಿಗೂ ಕಾಣುತ್ತಿದ್ದವು.

"ನಿನ್ನೆ ನಾನು ಅಂಗಡಿಗಳ ಕಡೆ ಕಣ್ಣೆತ್ತಿಯೂ ನೋಡಿರ್ಲಿಲ್ಲ" ಎಂದರು ಭಾವ. "ನೋಡಿದ್ಯಾ?"

"ನೋಡ್ದೆ ಭಾವ. ಮನೆಗೆ ಹೋಗೋಣ ಬನ್ನಿ."

"ಇವತ್ತು ಗೊತ್ತಿಲ್ದೆ ಬಂದು ನಿಂತಿದ್ರೆ, ಕೀಬೋರ್ಡು ಬಿಗಿ ಅಂತ ನಾನೇ ಆಣೆ ಮಾಡಿ ಹೇಳ್ತಿದ್ದೆ."

ನನಗೆ ಆ ಹೊತ್ತಿನಲ್ಲಿ ಸಿಟ್ಟೇ ಬರಲಿಲ್ಲ. ಬಂದಿದ್ದರೆ ಚೆನ್ನಾಗಿರುತ್ತಿತ್ತು, ಏನಾದರೂ ಮಾತು ಹೊರಡುತ್ತಿತ್ತು.

ಮಹಡಿ ಖಾಲಿ ಮಾಡುವ ದಿನ ಭಾವ ಕೈ ಹಚ್ಚಲು ಬಂದರು. ಮೇಜುಗಳನ್ನು ಹಳೇ ಮರದ ಸಾಮಾನು ಕೊಳ್ಳುವವನೊಬ್ಬ ಹೊತ್ತುಕೊಂಡು ಹೋಗಿದ್ದ. ಭಾವ ಒಂದು ತಗಡಿನ ಡಬ್ಬದ ಮೇಲೆ ಕೂತು ಉಳಿದ ತಿರುಪುಗಳನ್ನು ಅಳತೆಗೆ ತಕ್ಕಂತೆ ಬೇರೆ ಮಾಡುತ್ತಿದ್ದರು. ಅದನ್ನು ಯಾಕೆ ಮಾಡುತ್ತಿದ್ದೀರಿ ಎಂದು ನಾನು ಕೇಳಲಿಲ್ಲ. ಆಗ ಮೂಲೆ ಅಂಗಡಿಯವನು ಮೆಟ್ಟಿಲು ಹತ್ತಿ ಬಂದ.

"ದುರ್ಬೀನಣ್ಣ, ಒಂದು ಮಾತು. ಬಾಡಿಗೆ ಕರಾರು ಮುಗೀತಾ ಬಂದಿದೆ. ಇನ್ನೂ ಐದು ವರ್ಷಕ್ಕೆ ಬರ್ಕೊಡ್ಲಾ, ಇಲ್ಲ ಅಂಗಡಿ ಬಿಟ್ಟು ಬೇರೇನಾದ್ರೂ ನೋಡ್ಲಾ? ನಮ್ಮ ಬೀದಿಗೆ ಮತ್ತೆ ಮಾಲು ಬರುತ್ತಾ?"

ಭಾವ ಕತ್ತೆತ್ತಿದರು. ಹಳೇ ಅಭ್ಯಾಸ, ತುಟಿ ಅಲುಗಿತು. ಆಮೇಲೆ ಬಹಳ ಎಚ್ಚರಿಕೆಯಿಂದ, ಒಂದೊಂದೇ ಶಬ್ದವನ್ನು ಅಳೆದು ಹೇಳಿದರು.

"ನನಗೆ ಗೊತ್ತಿಲ್ಲಪ್ಪ. ನಾನು ಏನನ್ನೂ ನೋಡಿಲ್ಲ, ಏನನ್ನೂ ಹೇಳ್ತಾ ಇಲ್ಲ. ನಿನ್ನಿಷ್ಟ."

ಅವನು ಸ್ವಲ್ಪ ಹೊತ್ತು ಭಾವನ ಮುಖವನ್ನೇ ನೋಡುತ್ತ ನಿಂತ. ಆಮೇಲೆ ನನ್ನತ್ತ ತಿರುಗಿ ತಲೆಯಾಡಿಸಿದ.

"ಇವರಿಗೇ ಗೊತ್ತಿಲ್ಲ ಅಂದ ಮೇಲೆ ಮುಗೀತು ಕುಕ್ಕರಣ್ಣ" ಎಂದ.

"ಅಯ್ಯೋ, ಅವರು ಹಾಗಲ್ಲ ಹೇಳಿದ್ದು" ಎಂದೆ.

"ನೀನು ಸುಮ್ನಿರು. ಹೇಳೋಕೆ ಆಗ್ದಷ್ಟು ಕೆಟ್ಟದಾಗಿದೆ ಅಂತ ಅರ್ಥ ಆಗಲ್ವಾ ನಮಗೆ?"

ಅವನು ಇಳಿದುಹೋದ. ಭಾವ ಕೈಯಲ್ಲಿದ್ದ ತಿರುಪುಗಳನ್ನು ಹಾಗೇ ಹಿಡಿದುಕೊಂಡು, "ಹೋಗಿ ಹೇಳೋ ಅವನಿಗೆ" ಎಂದರು. ನಾನು ಮೆಟ್ಟಿಲಿಳಿದು ಓಡಿದೆ. ರಸ್ತೆಯಲ್ಲಿ ಅವನ ತೋಳು ಹಿಡಿದು ನಿಲ್ಲಿಸಿ ಎಲ್ಲವನ್ನೂ ಬಿಡಿಸಿ ಹೇಳಿದೆ: ಟೀ ಗಾಡಿಯ ಮಾತು, ಕೀಬೋರ್ಡಿನ ಮಾತು, ಭಾವನಿಗೆ ಏನೂ ಗೊತ್ತಿರಲಿಲ್ಲ ಎಂಬುದು. ಅವನು ಸಮಾಧಾನವಾಗಿ ಕೇಳಿಸಿಕೊಂಡು, ನನ್ನ ಭುಜ ತಟ್ಟಿ, "ಮನೆಯವರನ್ನ ಬಿಟ್ಟುಕೊಡೋಕಾಗಲ್ಲ, ಗೊತ್ತು ಬಿಡು" ಎಂದ.

ಹದಿನೈದು ದಿನದಲ್ಲಿ ಮೂಲೆ ಅಂಗಡಿಯ ಬಾಗಿಲಿಗೆ ಬಾಡಿಗೆಗಿದೆ ಎಂಬ ಚೀಟಿ ಬಿತ್ತು. ಅದನ್ನು ನೋಡಿ ಅಣ್ಣತಮ್ಮಂದಿರದು, ಅದನ್ನು ನೋಡಿ ಏಳನೆಯದು. ಹನ್ನೊಂದರಲ್ಲಿ ಈಗ ಇರುವುದು ನಾಲ್ಕು, ಅವರೂ ಫೋನಿನ ಕವರು ಮಾರುತ್ತಾರೆ. ಮಾಲು ನಿಜವಾಗಿ ನಿಂತಿತ್ತೋ, ನಮ್ಮ ಬೀದಿ ಖಾಲಿಯಾದದ್ದಕ್ಕೆ ಬೇರೆ ಕಡೆ ಹೋಯಿತೋ ಎಂದು ತಿಳಿಯಲು ಇನ್ನು ದಾರಿಯಿಲ್ಲ.

ಭಾವ ಒಂದು ಕೊರಿಯರ್ ಗೋಡೌನಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಸುತ್ತುತ್ತಾರೆ. ಮುಚ್ಚಿದ ಪೆಟ್ಟಿಗೆಗಳು, ಒಳಗೇನಿದೆ ಎಂದು ಬರೆದಿರುವುದಿಲ್ಲ. ಮಾತು ಬಹಳ ಕಮ್ಮಿ. ಜೊತೆಯ ಕೆಲಸದವರು ಮಳೆ ಬರುತ್ತಾ, ಬಸ್ಸು ಸಿಗುತ್ತಾ ಎಂದು ಕೇಳಿದರೂ ತಲೆ ತಗ್ಗಿಸಿ ಟೇಪು ಎಳೆಯುತ್ತಾರಂತೆ. ಅಕ್ಕ ಮೊನ್ನೆ ನನ್ನನ್ನು ಕೇಳಿದಳು, ಇವರು ಮತ್ತೆ ಮೊದಲಿನ ಹಾಗೆ ಆಗುತ್ತಾರಾ ಎಂದು. ಗೊತ್ತಿಲ್ಲ ಎನ್ನಲು ಹೋದೆ, ಅವಳ ಮುಖ ನೋಡಿ ಅದನ್ನೂ ಹೇಳದೆ ಎದ್ದು ಬಂದೆ.